ಉದ್ಯೋಗದ ಒತ್ತಡದ ಸಂಶೋಧನೆ ಯಾವ ಕಡೆ ಹೊರಳುತ್ತಿದೆ? ಪಬ್‌ಮೆಡ್‌ನಲ್ಲಿ ಪತ್ತೆ ಮಾಡುವ ಬಗೆ

'ಈ ವಿಷಯದ ಮೇಲಿನ ಪ್ರಬಂಧಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ' ಎಂಬ ಸಾಲು ಪಿಎಚ್‌ಡಿ ಪ್ರಸ್ತಾವನೆಗಳಲ್ಲಿ ಮಾಮೂಲು. ಎಲ್ಲ ವಿಷಯಗಳ ಪ್ರಬಂಧಗಳೂ ಹೆಚ್ಚುತ್ತಿರುವಾಗ ಅದರಿಂದ ತಿಳಿಯುವುದು ಏನೂ ಇಲ್ಲ. ನೋಡಬೇಕಾದ್ದು ಪಾಲು ಎಷ್ಟು, ಪದಗಳು ಹೇಗೆ ಬದಲಾದವು ಎಂಬುದನ್ನು.

ವೈದ್ಯಕೀಯ ಪ್ರಬಂಧಗಳ ಉಚಿತ ದತ್ತಕೋಶವಾದ ಪಬ್‌ಮೆಡ್‌ನಲ್ಲಿ 'ವರ್ಕ್', 'ಸ್ಟ್ರೆಸ್' ಎಂದು ಬಿಡಿ ಪದ ಹಾಕಿ ಹುಡುಕಬೇಡಿ. 'ಇನ್ ದಿಸ್ ವರ್ಕ್' ಎಂದು ಬರೆಯುವುದು ವಿಜ್ಞಾನಿಗಳ ರೂಢಿ. ಆಕ್ಸಿಡೇಟಿವ್ ಸ್ಟ್ರೆಸ್ (ಜೀವಕೋಶಗಳ ರಾಸಾಯನಿಕ ಒತ್ತಡ), ಬರಪೀಡಿತ ಗಿಡಗಳ ಸ್ಟ್ರೆಸ್ ಎಲ್ಲ ನುಗ್ಗಿಬಿಡುತ್ತವೆ. 'ಆಕ್ಯುಪೇಷನಲ್ ಸ್ಟ್ರೆಸ್', 'ಜಾಬ್ ಸ್ಟ್ರೆಸ್', 'ವರ್ಕ್ ಸ್ಟ್ರೆಸ್', 'ಜಾಬ್ ಸ್ಟ್ರೇನ್' ಇವನ್ನು ಇಂಗ್ಲಿಷಿನಲ್ಲಿ, ಒಂದೊಂದನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟು, ನಡುವೆ 'ಆರ್' (OR, ಅಂದರೆ 'ಅಥವಾ') ಸೇರಿಸಿ, ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತಗೊಳಿಸಿ. ಬಂದದ್ದರಲ್ಲಿ 50 ಶೀರ್ಷಿಕೆ ಓದಿ. ಐದಕ್ಕಿಂತ ಹೆಚ್ಚು ಅಸಂಬದ್ಧವಾಗಿದ್ದರೆ ಪದಗಳನ್ನು ತಿದ್ದಿ.

ಆಮೇಲೆ ಪಾಲು. ಪಬ್‌ಮೆಡ್‌ನಲ್ಲಿ ಬರೀ ಒಂದು ವರ್ಷ ಹಾಕಿ ಹುಡುಕಿದರೆ ಆ ವರ್ಷದ ಒಟ್ಟು ದಾಖಲೆ ಸಿಗುತ್ತದೆ. ಉದಾಹರಣೆಗೆ, 12 ಲಕ್ಷದಲ್ಲಿ ನಿಮ್ಮವು 600 ಇದ್ದರೆ 10,000ಕ್ಕೆ 5. ಗ್ರಾಫ್ ಹಾಕಬೇಕಾದ್ದು ಈ ಐದನ್ನು. ನಡೆಯುತ್ತಿರುವ ವರ್ಷವನ್ನು ಕೈಬಿಡಿ, ಇಲ್ಲದಿದ್ದರೆ ಗೆರೆ ಸುಮ್ಮನೆ ಕುಸಿದಂತೆ ಕಾಣುತ್ತದೆ.

ಯಾವ ಪದಗಳು ಒಟ್ಟಿಗೆ ಬರುತ್ತವೆ ಎಂದು ತೋರಿಸುವ ಪದಗಳ ನಕ್ಷೆಗೆ ಲೈಡನ್ ವಿಶ್ವವಿದ್ಯಾಲಯದ ವಿಓಎಸ್‌ವ್ಯೂವರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ದಾಖಲೆಗಳನ್ನು ಪಬ್‌ಮೆಡ್ ಮಾದರಿಯಲ್ಲೇ ಉಳಿಸಿಕೊಳ್ಳಿ. ಒಮ್ಮೆಗೆ 10,000 ಮಾತ್ರ ಇಳಿಯುವುದರಿಂದ ವರ್ಷಗಳನ್ನು ಒಡೆದು ಹಲವು ಫೈಲ್ ಮಾಡಿ. ಲೇಖಕರ ಕೀವರ್ಡ್ ಪಬ್‌ಮೆಡ್‌ಗೆ ಸೇರತೊಡಗಿದ್ದು 2013ರಿಂದ. ಅದಕ್ಕೂ ಹಿಂದೆ ಹೋಗುವವರು ಮೆಶ್ ಪದಗಳನ್ನು (ಪ್ರಬಂಧಗಳಿಗೆ ಹಚ್ಚುವ ನಿಗದಿತ ವಿಷಯಪದಗಳು) ಬಳಸಬೇಕು. ಮೆಶ್‌ನಲ್ಲಿ 'ಹ್ಯೂಮನ್ಸ್', 'ಅಡಲ್ಟ್', 'ಫೀಮೇಲ್' ನಕ್ಷೆಯನ್ನೇ ನುಂಗುತ್ತವೆ. ಯಾವ ಪದದ ಬದಲು ಯಾವುದನ್ನು ಬಳಸಬೇಕೆಂದು ವಿಓಎಸ್‌ವ್ಯೂವರ್‌ಗೆ ಹೇಳುವ ಥೆಸಾರಸ್ ಫೈಲಿನಲ್ಲಿ ಇವುಗಳ ಮುಂದಿನ ಕಾಲಂ ಖಾಲಿ ಬಿಟ್ಟರೆ ಮಾಯವಾಗುತ್ತವೆ. 'ಬರ್ನೌಟ್' (ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದು) ಪದದ ಬೇರೆ ಬೇರೆ ಕಾಗುಣಿತಗಳನ್ನು ಒಂದುಗೂಡಿಸುವುದೂ ಅಲ್ಲೇ.

ನಕ್ಷೆಯ ಬಣ್ಣ ಸೂಚಿಸುವುದು ಸರಾಸರಿ ವರ್ಷ. 2005ರಲ್ಲೂ 2021ರಲ್ಲೂ ಸಮಸಮನಾಗಿ ಕಂಡ ಪದ 2013ರದ್ದೆಂದು ತೋರುತ್ತದೆ. ಹಾಗಾಗಿ ಮುಖ್ಯ ಪದಗಳನ್ನು ಒಂದೊಂದಾಗಿ, ವರ್ಷವಾರು ಎಣಿಸಿ ನೋಡಿ. ಏರಿಕೆ ಕಂಡಲ್ಲಿ ಮೈಲಿಗಲ್ಲುಗಳನ್ನು ಪಕ್ಕದಲ್ಲಿಡಿ: 1979ರ ಕರಾಸೆಕ್ ಮಾದರಿ (ಕೆಲಸದ ಬೇಡಿಕೆ ಹೆಚ್ಚಿ, ಅದರ ಮೇಲಿನ ನಿಯಂತ್ರಣ ಕಡಿಮೆಯಾದರೆ ಒತ್ತಡ), ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿರುವುದರ ಬಗ್ಗೆ 1996ರಲ್ಲಿ ಸಂಶೋಧಕ ಸೀಗ್ರಿಸ್ಟ್ ಮಂಡಿಸಿದ್ದು, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟನ್ನು ಕಾಯಿಲೆಯಲ್ಲ, ಉದ್ಯೋಗಸಂಬಂಧಿ ಸ್ಥಿತಿ ಎಂದು ವರ್ಗೀಕರಿಸಿದ್ದು. 2020ರ ನಂತರದ ಏರಿಕೆಯನ್ನು ಎರಡು ಸಲ ಲೆಕ್ಕ ಹಾಕಿ, ಕೋವಿಡ್ ಪ್ರಬಂಧಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ.