ಕುಸುಬಿ ಬೀಜದ ಸಾರ ಕೊಬ್ಬಿನ ಕೋಶಗಳನ್ನು ತಡೆಯುತ್ತಾ? ಪರೀಕ್ಷೆ ಮಾಡೋದು ಹೀಗೆ

ಕಲಬುರಗಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಬೀಜ ಹುಡುಕ್ತಾ ಇದ್ದೀರಾ? ದೂರ ಹೋಗಬೇಡಿ. ಕುಸುಬಿ, ಅಗಸಿ, ತೊಗರಿ, ಗುರೆಳ್ಳು ಎಲ್ಲ ನಮ್ಮ ಹೊಲದಲ್ಲೇ ಇವೆ. ನಾನಾದರೆ ಕುಸುಬಿ ಹಿಡಿಯಿರಿ ಅಂತೀನಿ, ಯಾಕಂದ್ರೆ ಅದರ ಬೀಜದಲ್ಲಿ ಸೆರೊಟೋನಿನ್ ಜೊತೆ ಕೂಡಿದ ಫೀನಾಲಿಕ್ ಅಂಶಗಳಿವೆ, ಎಣ್ಣೆ ತೆಗೆದ ಮೇಲೂ ಅವು ಹಿಂಡಿಯಲ್ಲಿ ಉಳಿಯುತ್ತವೆ.

ಬಿತ್ತನೆ ಬೀಜ ಮಾತ್ರ ತರಬೇಡಿ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಕೋಶ ಸತ್ತರೆ ಸತ್ತಿದ್ದು ಯಾವುದರಿಂದ ಅಂತ ಗೊತ್ತಾಗೋದಿಲ್ಲ. ರೈತರ ಮನೆಯಿಂದ ಒಂದೇ ತಳಿಯ ಬೀಜ ತಂದು, ಸಸ್ಯಶಾಸ್ತ್ರ ವಿಭಾಗದಲ್ಲಿ ಗುರುತು ಹಿಡಿಸಿ, ಒಂದು ಮಾದರಿ ಅಲ್ಲೇ ಇಡಿ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ.

ಈಗ ಹೆಕ್ಸೇನ್ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಇದನ್ನು ಬಿಡಲೇಬೇಡಿ. ಕುಸುಬಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿನೋಲಿಯಿಕ್ ಆಮ್ಲ. ಕೋಶ ಅದನ್ನು ಎಳೆದುಕೊಂಡು ತನ್ನೊಳಗೆ ಕೊಬ್ಬಿನ ಹನಿ ಮಾಡಿಕೊಳ್ಳುತ್ತದೆ, ಜೊತೆಗೆ ಅಂಥ ಆಮ್ಲಗಳು ಪಿಪಿಎಆರ್-ಗಾಮಾವನ್ನು, ಅಂದರೆ ಕೊಬ್ಬಿನ ಕೋಶ ಆಗಲು ಮುಖ್ಯವಾದ ಪ್ರೋಟೀನನ್ನು, ಎಬ್ಬಿಸಬಲ್ಲವು. ಎಣ್ಣೆ ಹೋದ ಪುಡಿಯನ್ನು 80% ಎಥನಾಲ್‌ನಲ್ಲಿ ನೆನೆಸಿ, ಸೋಸಿ, 40 ಡಿಗ್ರಿ ಸೆಲ್ಸಿಯಸ್ ಒಳಗೇ ರೋಟರಿ ಎವಾಪರೇಟರ್‌ನಲ್ಲಿ (ಎಥನಾಲ್ ಆರಿಸುವ ಯಂತ್ರ) ಆರಿಸಿ. ಒಣಗಿದ ಸಾರವನ್ನು ಡಿಎಂಎಸ್ಒ ಅನ್ನೋ ದ್ರಾವಕದಲ್ಲಿ ಕರಗಿಸಿ. ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ಡಿಎಂಎಸ್ಒ 0.1% ದಾಟಬಾರದು, ಹೋಲಿಸಿ ನೋಡಲು ಸಾರವಿಲ್ಲದೆ ಅಷ್ಟೇ ಡಿಎಂಎಸ್ಒ ಹಾಕಿದ ಕಂಟ್ರೋಲ್ ಕೂಡ ಇರಲಿ.

ಕೋಶಕ್ಕೆ ಇಲಿಯ 3ಟಿ3-ಎಲ್1 (ಕೊಬ್ಬಿನ ಕೋಶವಾಗಿ ತಿರುಗಬಲ್ಲ ಕೋಶಗಳು) ಸಾಕು, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೋಶಗಳು ತಟ್ಟೆ ತುಂಬಿದ ಮೇಲೆ ಎರಡು ದಿನ ಸುಮ್ನೆ ಬಿಡಿ. ಆಮೇಲೆ ಅವನ್ನು ಕೊಬ್ಬಿನ ಕೋಶದ ಕಡೆ ತಿರುಗಿಸೋ ಮಿಶ್ರಣ ಹಾಕಿ: 0.5 ಮಿಲಿಮೋಲಾರ್ ಐಬಿಎಂಎಕ್ಸ್, 1 ಮೈಕ್ರೋಮೋಲಾರ್ ಡೆಕ್ಸಾಮೆಥಾಸೋನ್, ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ ಇನ್ಸುಲಿನ್. ಎರಡು ದಿನಕ್ಕೆ ಬದಲಿಸಿ ಬರೀ ಇನ್ಸುಲಿನ್, ಮತ್ತೆರಡು ದಿನಕ್ಕೆ ಸಾದಾ ಮೀಡಿಯಾ. ಒಟ್ಟು 8ರಿಂದ 10 ದಿನದಲ್ಲಿ ಹನಿಗಳು ಚೆನ್ನಾಗಿ ಕಾಣುತ್ತವೆ.

ಜಾಸ್ತಿ ಜನ ಎಡವೋದು ಇಲ್ಲೇ: ಹನಿ ಕಡಿಮೆಯಾದರೆ ಸಾರ ಕೆಲಸ ಮಾಡ್ತು ಅಂತ ಬರೆದುಬಿಡ್ತಾರೆ. ಕೋಶಗಳೇ ಸತ್ತಿದ್ದರೂ ಹನಿ ಕಡಿಮೆಯೇ ಅಲ್ವಾ? ಅದಕ್ಕೇ ಮೊದಲು ಎಂಟಿಟಿ (ಕೋಶಗಳು ಬದುಕಿವೆಯಾ ಅಂತ ಬಣ್ಣದಿಂದ ಅಳೆಯೋ ಪರೀಕ್ಷೆ) ಮಾಡಿ ಕೋಶ ಸಾಯದ ಪ್ರಮಾಣ ಹುಡುಕಿ, ಪ್ರಯೋಗದ ಕೊನೆಯ ದಿನವೂ ಒಂದು ತಟ್ಟೆಗೆ ಮತ್ತೆ ಅದನ್ನೇ ಮಾಡಿ. ಆಮೇಲೆ ಸಾರವನ್ನು ಕೆಲವು ವೆಲ್‌ಗಳಿಗೆ (ತಟ್ಟೆಯ ಗುಳಿಗಳಿಗೆ) ಮೊದಲೆರಡು ದಿನ ಮಾತ್ರ, ಕೆಲವಕ್ಕೆ ನಂತರದ ದಿನಗಳಲ್ಲಿ ಮಾತ್ರ, ಕೆಲವಕ್ಕೆ ಪೂರ್ತಿ ಕೊಡಿ. ಮೊದಲ ಗುಂಪಿನಲ್ಲೇ ಹನಿ ಕಡಿಮೆಯಾದರೆ ಕೋಶ ಕೊಬ್ಬಿನ ಕಡೆ ತಿರುಗೋದನ್ನೇ ಸಾರ ತಡೆದಿರಬಹುದು, ಎರಡನೆಯದರಲ್ಲಿ ಮಾತ್ರ ಆದರೆ ಕೊಬ್ಬು ತುಂಬಿಕೊಳ್ಳೋದನ್ನು.

ಕೊನೆಗೆ ಕೊಬ್ಬಿನ ಹನಿಗೆ ಹಿಡಿಯೋ ಆಯಿಲ್ ರೆಡ್ ಓ ಬಣ್ಣ ಹಾಕಿ, ಚೆನ್ನಾಗಿ ತೊಳೆದು, ಐಸೊಪ್ರೊಪನಾಲ್‌ನಲ್ಲಿ ಬಣ್ಣ ಬಿಡಿಸಿ ಅದು ಎಷ್ಟು ಬೆಳಕು ಹೀರುತ್ತೆ ಅಂತ 510 ನ್ಯಾನೋಮೀಟರ್ ಆಸುಪಾಸು ಓದಿ. ಜೊತೆಗೆ ಕೊಬ್ಬಿನ ಕೋಶ ಆಗೋದನ್ನು ನಡೆಸುವ ಪಿಪಿಎಆರ್-ಗಾಮಾ, ಸಿ/ಇಬಿಪಿ-ಆಲ್ಫಾ ಜೀನ್‌ಗಳು ಎಷ್ಟು ಕೆಲಸ ಮಾಡ್ತಿವೆ ಅಂತಲೂ ನೋಡಿ. ವರದಿಯಲ್ಲಿ "ಇಲಿಯ ಕೋಶದಲ್ಲಿ, ಈ ಪ್ರಮಾಣದಲ್ಲಿ" ಅಂತಲೇ ಬರೆಯಿರಿ. ತೂಕ ಇಳಿಸುತ್ತದೆ ಅನ್ನೋ ಮಾತು ಶೀರ್ಷಿಕೆಗೂ ಬೇಡ.