ಕೂಲ್ ಡ್ರಿಂಕ್ಸ್ ಪ್ಲಾಂಟಲ್ಲಿ ನೀರು ಉಳಿಸೋಕೆ ನಾವು ಮೊದಲು ನೋಡಿದ್ದು ಡ್ರೈನ್

ನಾನಿರೋದು ಕೂಲ್ ಡ್ರಿಂಕ್ಸ್ ಬಾಟ್ಲಿಂಗ್ ಪ್ಲಾಂಟಿನ ಯುಟಿಲಿಟಿ ಸೆಕ್ಷನ್ನಲ್ಲಿ, ಅಂದ್ರೆ ನೀರು, ಬಾಯ್ಲರ್, ಕಂಪ್ರೆಸರ್, ಇಟಿಪಿ (ಕೊಳೆ ನೀರು ಶುದ್ಧ ಮಾಡೋ ಘಟಕ) ಎಲ್ಲಾ ನಮ್ಮ ತಲೆ ಮೇಲೇ. ಮೀಟಿಂಗಲ್ಲಿ ಪರಿಸರ ಅಂತ ಮಾತು ಬಂದ್ರೆ ಸಾಕು, ಎಲ್ರೂ ಹೊಸ ಮಷೀನ್ ತರ್ಸೋಣ ಅಂತಾರೆ. ನಮಗೆ ಅದಕ್ಕೆ ಬಜೆಟ್ ಇರ್ಲಿಲ್ಲ, ಹಂಗಾಗಿ ಶಿಫ್ಟ್ ಆಪರೇಟರ್ ಜೊತೆ ಡ್ರೈನ್ ಹತ್ರ ಹೋಗಿ ನಿಂತ್ಕೊಂಡೆ, ಲೈನ್ ನಿಂತಿರುವಾಗ ಯಾವ್ಯಾವ ಪೈಪಿಂದ ನೀರು ಬರ್ತಿದೆ ನೋಡೋಣ ಅಂತ.

ಬರ್ತಾನೇ ಇತ್ತು! ಬಾಟ್ಲಿ ಇಲ್ದಿದ್ರೂ ಅದನ್ನ ತೊಳೆಯೋ ರಿನ್ಸರ್ ನಾಜಲ್ ಚಿಮ್ಮುತ್ತೆ, ಪಂಪ್ ಗ್ಲ್ಯಾಂಡ್ ಸೋರುತ್ತೆ, ಕನ್ವೇಯರ್ ಮೇಲೆ ಬಾಟ್ಲಿ ಜಾರೋಕೆ ಬಿಡೋ ಸೋಪ್ ನೀರು ತೊಟ್ಟಿಕ್ತಾನೇ ಇರತ್ತೆ. ರಿನ್ಸರ್ ನೀರಿಗೆ ಕರೆಂಟಲ್ಲಿ ತೆರೆದು ಮುಚ್ಚೋ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿ ಕನ್ವೇಯರ್ ಮೋಟರ್‌ಗೆ ಇಂಟರ್‌ಲಾಕ್ ಕೊಟ್ವಿ, ಬೆಲ್ಟ್ ನಿಂತ್ರೆ ನೀರೂ ನಿಲ್ಲತ್ತೆ. ಸೋಪ್ ನೀರಿನ ಬದಲು ಡ್ರೈ ಲ್ಯೂಬ್, ಅಂದ್ರೆ ನೀರು ಸುರಿಸದೇ ಬಾಟ್ಲಿ ಜಾರಿಸೋ ಲೂಬ್ರಿಕೆಂಟ್. ಬಾಟ್ಲಿ ತೊಳೆದ ನೀರು ಹೆಚ್ಚುಕಮ್ಮಿ ಶುದ್ಧವಾಗೇ ಇರತ್ತೆ, ಅದನ್ನ ಫಿಲ್ಟರ್ ಮಾಡಿ ಕೂಲಿಂಗ್ ಟವರ್‌ಗೆ ತಿರುಗಿಸಿದ್ವಿ.

ಈ ಇಂಡಸ್ಟ್ರಿಯಲ್ಲಿ ಎಲ್ರೂ ನೋಡೋ ಲೆಕ್ಕ ಒಂದೇ, ಒಂದು ಲೀಟರ್ ಡ್ರಿಂಕ್ ಮಾಡೋಕೆ ಒಟ್ಟು ಎಷ್ಟು ಲೀಟರ್ ನೀರು ಹೋಯ್ತು ಅಂತ. ಕೋಕಾಕೋಲಾದವರ ವರದಿಗಳಲ್ಲಿ 2004ರಲ್ಲಿ 2.7 ಇದ್ದದ್ದು ಈಗ 2ಕ್ಕಿಂತ ಕೆಳಗಿದೆ. ಅದ್ರಲ್ಲಿ ಒಂದು ಲೀಟರ್ ಬಾಟ್ಲಿ ಒಳಗೇ ಹೋಗತ್ತೆ, ಅಂದ್ಮೇಲೆ ಉಳಿಸೋದಿದ್ರೆ ಮಿಕ್ಕಿದ್ದರಲ್ಲೇ ಉಳಿಸ್ಬೇಕು, ಆ ಮಿಕ್ಕಿದ್ದರಲ್ಲಿ ದೊಡ್ಡ ಪಾಲು ತಿನ್ನೋದು ಸಿಐಪಿ.

ಸಿಐಪಿ ಅಂದ್ರೆ ಟ್ಯಾಂಕು ಪೈಪು ಫಿಲ್ಲರ್ ಯಾವ್ದನ್ನೂ ಬಿಚ್ಚದೆ ಒಳಗಿಂದ ತೊಳೆಯೋದು: ನೀರು, ಬಿಸಿ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಸ್ಯಾನಿಟೈಸರ್, ಕೊನೆಗೆ ಇನ್ನೊಂದ್ಸಲ ನೀರು. ಫ್ಲೇವರ್ ಬದಲಾದಾಗೆಲ್ಲ ಪೂರ್ತಿ ಐದು ಸ್ಟೆಪ್ ಹೊಡೀತಿದ್ರು, ಅದೂ ಟೈಮರ್ ಇಟ್ಟು. ಪೈಪ್ ಆಗ್ಲೇ ಕ್ಲೀನ್ ಆಗಿದ್ರೂ ಟೈಮರ್ ಮುಗಿಯೋ ತನಕ ಒಳ್ಳೆ ನೀರು ಚರಂಡಿಗೆ. ನಾವು ಟೈಮರ್ ತೆಗೆದು ರಿಟರ್ನ್ ಲೈನಿಗೆ ಕಂಡಕ್ಟಿವಿಟಿ ಮೀಟರ್ ಕೂರಿಸಿದ್ವಿ, ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ಅಳೆಯೋದು, ಕಾಸ್ಟಿಕ್ ಇದ್ರೆ ರೀಡಿಂಗ್ ಜಾಸ್ತಿ. ವಾಪಸ್ ಬರೋ ನೀರಿನ ರೀಡಿಂಗ್ ಒಳಗೆ ಹೋಗೋ ನೀರಿನದಕ್ಕೆ ಸಮ ಆದ್ರೆ ಕಾಸ್ಟಿಕ್ ಪೂರ್ತಿ ಹೋಗಿದೆ ಅಂತ, ರಿನ್ಸ್ ಬಂದ್. ಕ್ವಾಲಿಟಿಯವರು ಸುಮ್ನೆ ಒಪ್ಲಿಲ್ಲ ಬಿಡಿ, ಅವರು ಕೇಳಿದ ಸ್ವಾಬ್ ಟೆಸ್ಟ್ (ಒಳಮೈ ಒರೆಸಿ ಕ್ಲೀನ್ ಆಗಿದೆಯಾ ನೋಡೋದು) ಎಲ್ಲಾ ಮಾಡಿ ತೋರಿಸಿದ ಮೇಲೇ ಸೈನ್ ಹಾಕಿದ್ದು. ಕೊನೆ ರಿನ್ಸ್ ನೀರನ್ನ ಒಂದು ಟ್ಯಾಂಕಲ್ಲಿ ಹಿಡಿದಿಟ್ಟು ಮುಂದಿನ ಸಲದ ಮೊದಲ ರಿನ್ಸಿಗೆ ಬಳಸೋದು ಅದರ ಜೊತೆಗೇ ಆಯ್ತು.

ಇನ್ನೊಂದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪ್ಲಾನಿಂಗ್‌ನವರ ಹತ್ರ ಕೂತು ಫ್ಲೇವರ್ ಸರದಿ ಬದಲಾಯಿಸಿದ್ವಿ. ಮೊದಲು ಸೋಡಾ, ಆಮೇಲೆ ನಿಂಬೆ ಥರದ ತಿಳಿ ಫ್ಲೇವರ್, ಗಾಢ ಬಣ್ಣ ಗಾಢ ವಾಸನೆಯವು ಕೊನೆಗೆ. ಹಿಂಗೆ ಹೋದ್ರೆ ನಡುವೆ ಬರೀ ನೀರಿನ ರಿನ್ಸ್ ಸಾಕಾಗತ್ತೆ, ಉಲ್ಟಾ ಹೋದ್ರೆ ಪ್ರತಿಸಲ ಫುಲ್ ಸಿಐಪಿ. ಸೇಲ್ಸ್‌ನವರು ಅರ್ಜೆಂಟ್ ಆರ್ಡರ್ ಅಂತ ಮಧ್ಯ ತೂರಿಸಿದ್ರೆ ಎಲ್ಲಾ ಹಾಳು, ಆ ಜಗಳ ಈಗ್ಲೂ ಇದೆ.

ಸಕ್ಕರೆ ಚರಂಡಿಗೆ ಹೋಗೋದು ಬೇರೆ ತಲೆನೋವು. ಸಾಮಾನ್ಯ ಡ್ರಿಂಕಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರತ್ತೆ, ಅಷ್ಟಕ್ಕೇ ಅದರ ಸಿಒಡಿ (ನೀರಲ್ಲಿರೋ ಕೊಳೆಯನ್ನ ಆಕ್ಸಿಡೈಸ್ ಮಾಡೋಕೆ ಬೇಕಾದ ಆಕ್ಸಿಜನ್ ಲೆಕ್ಕ) ಲೀಟರಿಗೆ ಲಕ್ಷ ಮಿಲಿಗ್ರಾಂ ದಾಟತ್ತೆ. ಮನೆ ಚರಂಡಿ ನೀರಲ್ಲಿ ಅದು ಕೆಲವು ನೂರು ಅಷ್ಟೇ. ಅಂದ್ರೆ ಒಂದು ಲೀಟರ್ ಡ್ರಿಂಕ್ ಚೆಲ್ಲಿದ್ರೆ ಇಟಿಪಿಗೆ ನೂರಾರು ಲೀಟರ್ ಕೊಳಚೆ ನೀರಿನ ಲೋಡ್ ಬಿದ್ದಂಗೆ, ಸಿರಪ್ ಆದ್ರೆ ಕೇಳ್ಬೇಡಿ. ಬ್ಯಾಚ್ ಮುಗಿದಾಗ ಪೈಪಲ್ಲಿ ಉಳಿದ ಸಿರಪ್ಪನ್ನ ಮೊದಲು ನೀರು ಬಿಟ್ಟು ತಳ್ತಿದ್ರು, ನೀರು ಸಿರಪ್ ಕಲಸಿಕೊಂಡು ಅರ್ಧ ವೇಸ್ಟ್. ಈಗ ಫಿಲ್ಟರ್ ಮಾಡಿದ ಗಾಳಿಯಿಂದ ತಳ್ತೀವಿ, ಪೈಪಿನ ಸೈಟ್ ಗ್ಲಾಸಲ್ಲಿ, ಅಂದ್ರೆ ಒಳಗೆ ನೋಡೋ ಗಾಜಿನ ಕಿಂಡೀಲಿ, ದಪ್ಪ ಸಿರಪ್ ಹೋಗಿ ಗುಳ್ಳೆ ಕಾಣಿಸೋ ತನಕ. ಇಟಿಪಿ ಆಪರೇಟರ್ ತಾನಾಗೇ ಬಂದು ಕೇಳಿದ, ಏನ್ ಸಾರ್ ಕೊಳೆ ನೀರಿಗೆ ಗಾಳಿ ಊದೋ ಬ್ಲೋವರ್ ಇಷ್ಟು ಆರಾಮಾಗಿ ಓಡ್ತಿದೆ ಅಂತ.

ಬಾಟ್ಲಿ ವಿಷಯದಲ್ಲಿ ನಮ್ಮ ಕೈಲಿದ್ದದ್ದು ಕಮ್ಮಿ. ಗಿಡ್ಡ ಕತ್ತಿನ ಪ್ರಿಫಾರ್ಮ್‌ಗೆ (ಊದಿ ಬಾಟ್ಲಿ ಮಾಡೋ ಪ್ಲಾಸ್ಟಿಕ್ ಕೊಳವೆ) ಬಂದಿದ್ದರಿಂದ ಬಾಟ್ಲಿಗೆ ಒಂದು ಗ್ರಾಂಗಿಂತ ಜಾಸ್ತಿ ಪ್ಲಾಸ್ಟಿಕ್ ಉಳೀತು, ಬ್ಲೋಯಿಂಗ್ ಪ್ರೆಷರ್ ಸ್ವಲ್ಪ ಇಳಿಸಿದ್ದಕ್ಕೆ ಕರೆಂಟ್ ಉಳೀತು, ಅಷ್ಟೇ.

ಇಷ್ಟೆಲ್ಲ ಆದ್ಮೇಲೆ ಗೋಡೆ ಮೇಲೆ ದೊಡ್ಡ ಪೋಸ್ಟರ್ ಹಾಕೋಣ ಅಂತ ಬಂದ್ರು. ನಾನು ಒಂದು ತಕರಾರು ತೆಗೆದೆ. 2011ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ಯೂನಿವರ್ಸಿಟಿಯವರು ಅರ್ಧ ಲೀಟರಿನ ಒಂದು ಮಾದರಿ ಡ್ರಿಂಕ್ ಇಟ್ಕೊಂಡು ಲೆಕ್ಕ ಹಾಕಿದ್ರು, ಸಕ್ಕರೆ ಯಾವ್ದು ಎಲ್ಲಿ ಬೆಳೆದದ್ದು ಅನ್ನೋದರ ಮೇಲೆ ಒಟ್ಟು ನೀರು 169ರಿಂದ 309 ಲೀಟರ್, ಅದ್ರಲ್ಲಿ 99%ಗಿಂತ ಜಾಸ್ತಿ ಪ್ಲಾಂಟ್ ಹೊರಗೆ ಖರ್ಚಾಗೋದು, ಮುಖ್ಯವಾಗಿ ಹೊಲದಲ್ಲಿ. ಹಂಗಾಗಿ ಪೋಸ್ಟರಲ್ಲಿ ಉಳಿಸಿದ ನೀರಿನ ಅಂಕಿ ಪಕ್ಕ ‘ಪ್ಲಾಂಟ್ ಒಳಗಿನ ಬಳಕೆ ಮಾತ್ರ’ ಅಂತ ಅದೇ ಸೈಜಿನ ಅಕ್ಷರದಲ್ಲಿ ಬರೆಸಿದ್ವಿ. ಮಾರ್ಕೆಟಿಂಗ್‌ನವರಿಗೆ ಅದು ಇಷ್ಟ ಆಗ್ಲಿಲ್ಲ.