ಲಾರಿ ಓಡಿಸುವ ಅಪ್ಪ ಮನೆಯಲ್ಲಿ ಮಲಗಿದ್ದಾಗ

ಇಂಗ್ಲಿಷ್ ವ್ಯಾಕರಣದಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂದರೆ ನಮ್ಮ ಹೈಸ್ಕೂಲಿನ ಮಕ್ಕಳು ಹಿಂದೆ ಬೀಳುವವರಲ್ಲ. ವಾಕ್ಯದಲ್ಲಿ ‘ಎವ್ರಿ ಡೇ’ ಕಂಡರೆ ಕ್ರಿಯಾಪದಕ್ಕೆ ‘ಎಸ್’ ಸೇರಿಸುತ್ತಾರೆ, ‘ನೌ’ ಕಂಡರೆ ‘ಈಸ್’ ಬರೆದು ‘ಇಂಗ್’ ಹಚ್ಚುತ್ತಾರೆ. ಅಂಕಕ್ಕೆ ಮೋಸವಿಲ್ಲ. ಅದೇ ಮಕ್ಕಳಿಂದ ನಾಲ್ಕು ಮಾತು ಆಡಿಸಿ ನೋಡಿ, ಎಲ್ಲವೂ ‘ಇಂಗ್’ಮಯ: ‘ಡೈಲಿ ಐ ಆಮ್ ಗೆಟಿಂಗ್ ಅಪ್ ಅಟ್ ಸಿಕ್ಸ್.’

ನನ್ನ ಪ್ರಕಾರ ಇದೂ ಒಂದು ಬಗೆಯ ಜಾಣತನ. ‘ಈಸ್’ ಇರುವ ವಾಕ್ಯ ಬಲು ಸಲೀಸು. ಪ್ರಶ್ನೆ ಕೇಳಲು ಅದನ್ನೇ ಮುಂದಕ್ಕೆ ತಂದರಾಯಿತು, ಅಲ್ಲಗಳೆಯಲು ‘ನಾಟ್’ ಹಾಕಿದರಾಯಿತು. ‘ಹಿ ಡ್ರೈವ್ಸ್’ ಎಂಬಂಥ ದಿನಚರಿಯ ವಾಕ್ಯದಲ್ಲಿ ಹಾಗಲ್ಲ. ಪ್ರಶ್ನೆ ಎಂದೊಡನೆ ಎಲ್ಲೂ ಇಲ್ಲದ ‘ಡಸ್’ ಬಂದು ಕೂರುತ್ತದೆ, ಅದು ಬಂದೊಡನೆ ಕ್ರಿಯಾಪದದ ‘ಎಸ್’ ಮಾಯ. ಈ ತಾಪತ್ರಯಕ್ಕೆ ಯಾವ ಮಗು ತಾನೇ ಕೈ ಹಾಕೀತು? ಹಾಗಾಗಿ ನಾನು ಪ್ರಶ್ನೆಯಿಂದಲೇ ಪಾಠ ಶುರುಮಾಡುತ್ತೇನೆ. ‘ಡಸ್’ ಬಾಯಿಗೆ ರೂಢಿಯಾಗುವವರೆಗೆ ಉಳಿದದ್ದು ಕಾಯಲಿ.

ಪ್ರಶ್ನೆಗಳು ಎರಡೇ. ಮನೆಯಲ್ಲಿರುವ ಒಬ್ಬರ ಬಗ್ಗೆ, ಅವರು ಮಾಡುವುದೇನು, ಈ ಗಳಿಗೆಯಲ್ಲಿ ಮಾಡುತ್ತಿರುವುದೇನು. ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಕೇಳಿದೆ: ‘ವಾಟ್ ಡಸ್ ಯುವರ್ ಫಾದರ್ ಡು?’ ‘ಮೈ ಫಾದರ್ ಈಸ್ ಡ್ರೈವಿಂಗ್ ಲಾರಿ, ಸರ್.’ ‘ಈಗ ಎಲ್ಲಿದ್ದಾರೆ?’ ‘ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ.’ ‘ಮಲಗಿಕೊಂಡೇ ಲಾರಿ ಓಡಿಸುತ್ತಿದ್ದಾರೆಯೇ?’ ತರಗತಿ ಗೊಳ್ಳೆಂದಿತು. ಅವನೂ ನಕ್ಕು, ತಡವರಿಸುತ್ತಾ ಹೇಳಿದ: ‘ಹಿ ಡ್ರೈವ್ಸ್ ಎ ಲಾರಿ. ನೌ ಹಿ ಈಸ್ ಸ್ಲೀಪಿಂಗ್.’ ಎರಡೂ ವಾಕ್ಯ ಒಂದೇ ಹೊತ್ತಿನಲ್ಲಿ ನಿಜ. ಕಪ್ಪು ಹಲಗೆಯ ಮೇಲೆ ಅವನ್ನು ಅಕ್ಕಪಕ್ಕ ಬರೆಸಿದೆ. ಆಮೇಲೆ ತೆಂಗಿನಕಾಯಿ ಮಾರುವ ಅಜ್ಜಿ, ಬಟ್ಟೆ ಹೊಲಿಯುವ ಅಮ್ಮ, ಹೀಗೆ ಊರಿಗೆ ಊರೇ ಹಲಗೆಗೆ ಬಂತು.

ಕನ್ನಡದ ‘ಓಡಿಸುತ್ತಾರೆ’, ‘ಓಡಿಸುತ್ತಿದ್ದಾರೆ’ ಜೋಡಿಯಿಂದ ಇದನ್ನು ಕಲಿಸಬಹುದಲ್ಲ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಅರ್ಧ ದಾರಿಯವರೆಗೆ ಸರಿ. ಆದರೆ ವರ್ಷಗಟ್ಟಲೆಯ ನೌಕರಿಯನ್ನೂ ನಾವು ‘ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾರೆ’ ಎನ್ನುತ್ತೇವೆ. ‘ನಾಳೆ ಬರುತ್ತೇನೆ’ ಎನ್ನುವಾಗ ದಿನಚರಿಯ ರೂಪವೇ ಭವಿಷ್ಯಕ್ಕೂ ನಡೆಯುತ್ತದೆ. ಅದಕ್ಕೇ ನನ್ನ ಒರೆಗಲ್ಲು ಬೇರೆ: ಆ ವ್ಯಕ್ತಿ ಈಗ ನಿದ್ದೆ ಮಾಡುತ್ತಿದ್ದರೂ ಮಾತು ನಿಜವಾಗಿ ಉಳಿಯುತ್ತದೆಯೇ? ಉಳಿದರೆ ‘ಇಂಗ್’ ಬೇಡ. ಇದಕ್ಕೊಂದು ಹೊರತು ಇದೆ, ತಾತ್ಕಾಲಿಕ ಸಂಗತಿ. ಈ ತಿಂಗಳ ಮಟ್ಟಿಗೆ ಚಿಕ್ಕಪ್ಪನ ಮನೆಯಲ್ಲಿರುವವಳು, ಈಗ ತರಗತಿಯಲ್ಲಿ ಕೂತಿದ್ದರೂ, ‘ಐ ಆಮ್ ಸ್ಟೇಯಿಂಗ್ ವಿತ್ ಮೈ ಅಂಕಲ್’ ಎನ್ನುವುದೇ ಸರಿ.

‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಎಂಬ ಹಳೆಯ ಕಾಯಿಲೆಗೆ ಮಾತ್ರ ಮದ್ದು ಕನ್ನಡದಲ್ಲೇ ಇದೆ. ಗೊತ್ತು, ಬೇಕು, ಇಷ್ಟ, ಇದೆ: ಈ ನಾಲ್ಕನ್ನು ಬರೆದು, ಯಾವುದಕ್ಕಾದರೂ ‘ತ್ತಿದೆ’ ಅಂಟಿಸಿ ನೋಡೋಣ ಎನ್ನುತ್ತೇನೆ. ಅಂಟುವುದಿಲ್ಲ. ನೋ, ವಾಂಟ್, ಲೈಕ್, ಹ್ಯಾವ್ ಕೂಡ ಇದೇ ಅರ್ಥದಲ್ಲಿ ‘ಇಂಗ್’ ಒಲ್ಲವು ಎಂದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಊಟ ಮಾಡುವ ‘ಹ್ಯಾವಿಂಗ್ ಲಂಚ್’ ಬೇರೆ, ಅಲ್ಲಿ ಕೆಲಸ ನಡೆಯುತ್ತಿದೆ. ಕೈಕೊಡುವುದು ‘ಅರ್ಥವಾಗುತ್ತಿಲ್ಲ’. ಅದನ್ನು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎಂದು ಹಾಗೇ ಬಾಯಿಪಾಠ ಮಾಡಿಸುತ್ತೇನೆ, ತಕರಾರಿಲ್ಲದೆ.

ಕೊನೆಗೆ ಫೋನಿನ ಆಟ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು, ಒಬ್ಬರಿಗೊಬ್ಬರು ಕಾಣಬಾರದು. ‘ಈಗ ಏನು ಮಾಡುತ್ತಿದ್ದೀಯಾ?’ ಎಂದು ಕನ್ನಡದಲ್ಲಿ ಕೇಳಿದರೆ ಕೆಲಸದ ವಿಚಾರವೂ ಆಗಬಹುದು, ಈ ಕ್ಷಣದ ವಿಚಾರವೂ ಆಗಬಹುದು. ಇಂಗ್ಲಿಷಿನಲ್ಲಿ ಕೇಳುವವರು ‘ವಾಟ್ ಡು ಯು ಡು?’, ‘ವಾಟ್ ಆರ್ ಯು ಡೂಯಿಂಗ್?’ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಮೊದಲನೆಯದಕ್ಕೆ ‘ಐ ಆಮ್ ಈಟಿಂಗ್ ಚುರುಮುರಿ’ ಎಂದು ಉತ್ತರಿಸಿದವರು ಔಟ್. ಮಕ್ಕಳು ಬೇಕೆಂದೇ ಒಬ್ಬರನ್ನೊಬ್ಬರು ಬೀಳಿಸಲು ನೋಡುತ್ತಾರೆ. ಪಕ್ಕದ ತರಗತಿಯಿಂದ ಗಲಾಟೆಯ ದೂರು ಬರುವುದು ಈ ಪೀರಿಯಡ್ಡಿನಲ್ಲೇ.